ಬಾಲ್ಕನಿಯಲ್ಲಿ ಹಕ್ಕಿ ಮರಿ ಮಾಡಿಸುವ ಹವ್ಯಾಸಿಗಳಿಗೆ ಹೊಸ ಕಾನೂನುಗಳು ಎಷ್ಟರ ಮಟ್ಟಿಗೆ ಅನ್ವಯಿಸುತ್ತವೆ?

ಹಕ್ಕಿಮನೆ, ಡೊಂಬಿವಲಿ (ಪ್ರಶ್ನೆ):

ನಮಸ್ಕಾರ. ನಮ್ಮ ಫ್ಲ್ಯಾಟಿನ ಬಾಲ್ಕನಿಗೆ ಜಾಲರಿ ಹಾಕಿಸಿ ಹಲವು ವರ್ಷಗಳಿಂದ ಬಡ್ಜಿ, ಕಾಕಟೀಲ್ ಹಾಗೂ ಒಂದು ಜೋಡಿ ಗ್ರೀನ್ ಚೀಕ್ ಕಾನ್ಯೂರ್ ಎಂಬ ವಿದೇಶಿ ಗಿಳಿ ಜಾತಿಯ ಹಕ್ಕಿಗಳನ್ನು ಸಾಕಿಕೊಂಡು ಬಂದಿದ್ದೇನೆ. ಮರಿಗಳು ಹೆಚ್ಚಾದಾಗ ಪರಿಚಯದವರಿಗೆ ಕೊಡುತ್ತೇನೆ. ನವಣೆಯ ಖರ್ಚಿಗೆಂದು ಅವರು ಏನಾದರೂ ಕೊಟ್ಟರೆ ಬೇಡವೆನ್ನುವುದಿಲ್ಲ, ಆದರೆ ವ್ಯಾಪಾರ ಮಾಡುವ ಉದ್ದೇಶ ನನಗಿಲ್ಲ. ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ಬಂದರೆ ಪಂಜರವೇ ಅಪರಾಧವಾಗುತ್ತದೆ ಎಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೆಲವರು, ನೋಂದಾಯಿಸದ ಹಕ್ಕಿಗಳನ್ನು ಅರಣ್ಯ ಇಲಾಖೆಯವರು ಜಪ್ತಿ ಮಾಡುತ್ತಾರೆ ಎಂದು ಇನ್ನು ಕೆಲವರು ಬರೆಯುತ್ತಿದ್ದಾರೆ. ಇವುಗಳಲ್ಲಿ ಈಗಾಗಲೇ ಜಾರಿಯಲ್ಲಿರುವುದು ಯಾವುದು, ಇನ್ನೂ ಪ್ರಸ್ತಾವದ ಹಂತದಲ್ಲಿರುವುದು ಯಾವುದು ಎಂಬುದನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಕರಿಕೋಟು, ಪುಣೆ:

ನಿಮ್ಮ ಗುಂಪುಗಳಲ್ಲಿ ಎರಡು ಬೇರೆ ಕಾಯ್ದೆಗಳು ಕಲಸಿಹೋಗಿವೆ. ಪ್ರಸ್ತಾವದ ಹಂತದಲ್ಲಿರುವುದು ಪ್ರಾಣಿಹಿಂಸೆ ತಡೆ ಕಾಯ್ದೆಯ ತಿದ್ದುಪಡಿ. ಅದರ ಕರಡನ್ನು ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿತು. ನೋಂದಣಿ ಬೇರೆಯೇ ವಿಷಯ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಿಂದ ಬಂದದ್ದು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಮೊದಲು ನೋಂದಣಿಯ ಮಾತು, ಏಕೆಂದರೆ ನಿಮಗೆ ಇಂದು ತಟ್ಟುವುದು ಅದೇ. ಆ ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿ ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳಿವೆ. ಬಡ್ಜಿಯೂ ಕಾಕಟೀಲೂ ಆ ಒಪ್ಪಂದದ ಪಟ್ಟಿಯಿಂದ ಹೊರಗಿವೆ. ಕಾನ್ಯೂರ್ ಆ ಒಪ್ಪಂದದ ಎರಡನೆಯ ಪರಿಶಿಷ್ಟದಲ್ಲಿದೆ, ಹಾಗಾಗಿ ನೋಂದಣಿ ಅದಕ್ಕೆ ಬೇಕು. 2024ರ ಫೆಬ್ರುವರಿಯಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ ಆಗ ಅಂಥ ಹಕ್ಕಿಯನ್ನು ಇಟ್ಟುಕೊಂಡಿದ್ದವರು ಆರು ತಿಂಗಳೊಳಗೆ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರಿಗೆ ಅರ್ಜಿ ಸಲ್ಲಿಸಬೇಕಿತ್ತು; ಆಮೇಲೆ ಪಡೆದವರು 30 ದಿನಗಳೊಳಗೆ ಸಲ್ಲಿಸಬೇಕು. ಅದರ ಮರಿ ಹುಟ್ಟಿದ್ದನ್ನೂ ಬೇರೆಯವರಿಗೆ ಕೊಟ್ಟದ್ದನ್ನೂ ತಿಳಿಸಬೇಕು. ವಿದೇಶಿ ಜೀವಿಗಳನ್ನು ಸಾಕುವವರಿಗೆ ಕೇಂದ್ರ ಸರ್ಕಾರ 2020ರ ಜೂನ್‌ನಲ್ಲಿ ಕೊಟ್ಟ ಸ್ವಯಂಘೋಷಣೆಯ ಅವಕಾಶದಲ್ಲಿ, ಆರು ತಿಂಗಳೊಳಗೆ ಘೋಷಿಸಿದವರಿಂದ ಹಕ್ಕಿಯ ಮೂಲದ ದಾಖಲೆ ಕೇಳಲಿಲ್ಲ. ಆಗ ಸಿಕ್ಕ ಪ್ರಮಾಣಪತ್ರ ನಿಮ್ಮಲ್ಲಿದ್ದರೆ ಜೋಪಾನವಾಗಿಡಿ.

ಆಫ್ರಿಕನ್ ಗ್ರೇ ಗಿಳಿ ಸಾಕುವ ಸ್ನೇಹಿತರಿದ್ದರೆ ಅವರಿಗೆ ಇನ್ನೂ ಬಿಗಿಯಾದ ಮಾತನ್ನು ಹೇಳಬೇಕಾಗುತ್ತದೆ. 2016ರ ಸೈಟಿಸ್ ಸಮ್ಮೇಳನದಲ್ಲಿ ಆ ಹಕ್ಕಿಯನ್ನು ಅಳಿವಿನ ಅಪಾಯದಲ್ಲಿರುವ ಜೀವಿಗಳ ಒಂದನೆಯ ಪರಿಶಿಷ್ಟಕ್ಕೆ ಸೇರಿಸಲಾಯಿತು. ಒಂದನೆಯ ಪರಿಶಿಷ್ಟದ ಜೀವಿಗಳನ್ನು ಮರಿ ಮಾಡಿಸಲು ನಮ್ಮಲ್ಲಿ ಪ್ರತ್ಯೇಕ ಪರವಾನಗಿ ಬೇಕು. ಒಂದೇ ಜೋಡಿ, ಬರೀ ಹವ್ಯಾಸ ಎಂಬ ಸಮಜಾಯಿಷಿಗೆ ಅಲ್ಲಿ ಎಡೆಯಿಲ್ಲ. ಇನ್ನು ನಮ್ಮ ನಾಡಿನ ಹಸಿರು ಗಿಳಿಯನ್ನು ಸಾಕುವುದೇ ನಿಷಿದ್ಧ. ಅದರದೇ ನೀಲಿ ಮತ್ತು ಹಳದಿ ಬಣ್ಣದ ತಳಿಗಳನ್ನು ವಿದೇಶಿ ಎಂದು ಮಾರುವವರಿದ್ದಾರೆ. ಬಣ್ಣ ಬದಲಾದ ಮಾತ್ರಕ್ಕೆ ಪ್ರಭೇದ ಬದಲಾಗುವುದಿಲ್ಲವಾದ್ದರಿಂದ, ದಾಖಲೆಯಿಲ್ಲದ ಆ ಮಾತನ್ನು ನಂಬಿ ಯಾರೂ ಹಣ ಕೊಡಬಾರದೆಂಬುದು ನನ್ನ ಸಲಹೆ.

ಮರಿ ಕೊಟ್ಟು ಹಣ ಪಡೆಯುವ ಬಗ್ಗೆ ನೀವು ಸ್ವಲ್ಪ ಎಚ್ಚರದಿಂದಿರಬೇಕು. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಲ್ಲಿ ಅಂಗಡಿ ಎಂದರೆ ಫಲಕ ತೂಗುಹಾಕಿದ ಮಳಿಗೆಯಷ್ಟೇ ಅಲ್ಲ. ಮಾರಾಟಕ್ಕಾಗಿ ಪ್ರಾಣಿಗಳನ್ನು ಇಟ್ಟ ಯಾವುದೇ ಜಾಗ, ಆನ್‌ಲೈನ್ ಮಾರಾಟವೂ ಸೇರಿದಂತೆ, ಅದರೊಳಗೆ ಬರುತ್ತದೆ. ಪ್ರತಿ ಸಲವೂ ಹಣ ಕೈ ಬದಲಾದರೆ ಅದನ್ನು ನವಣೆಯ ಖರ್ಚು ಎಂದು ಕರೆದು ಪಾರಾಗುವುದು ಕಷ್ಟ.

ಪಶುವೈದ್ಯ, ಮಾಟುಂಗಾ:

ಕರಿಕೋಟು ವಕೀಲರು ಹೇಳಿದ್ದರಲ್ಲಿ ನನ್ನ ತಕರಾರಿಲ್ಲ, ಆದರೆ ಕರಡು ತಿದ್ದುಪಡಿಯ ಬಗ್ಗೆ ಅವರು ಹೆಚ್ಚು ಬರೆಯಲಿಲ್ಲ. ಪಂಜರದಲ್ಲಿ ಪ್ರಾಣಿಗೆ ತಕ್ಕಷ್ಟು ಚಲನೆಗೆ ಎಡೆಯಿರಬೇಕು ಎಂಬ ಮಾತು 1960ರ ಮೂಲ ಕಾಯ್ದೆಯ 11ನೆಯ ಕಲಮಿನಲ್ಲಿಯೇ ಇದೆ. ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ ಮಾತ್ರವಾದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಕರಡು ಘೋರ ಹಿಂಸೆಗೆ 50,000ದಿಂದ 75,000 ರೂಪಾಯಿಯ ದಂಡವನ್ನೂ ಜೈಲುವಾಸವನ್ನೂ ಸೂಚಿಸುತ್ತದೆ, ಜೊತೆಗೆ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಪಾಲಕರ ಹೊಣೆಯಾಗಿಸುತ್ತದೆ. ಹಸಿವು, ಅನನುಕೂಲ, ರೋಗ, ಭಯ ಇವುಗಳಿಂದ ಮುಕ್ತಿ ನಾಲ್ಕಾದರೆ, ಐದನೆಯದು ಸಹಜ ನಡವಳಿಕೆಗೆ ಅವಕಾಶ. ಹಕ್ಕಿ ಸಾಕುವವರ ಕಷ್ಟವಿರುವುದು ಈ ಐದನೆಯದರಲ್ಲಿ, ಏಕೆಂದರೆ ಹಕ್ಕಿಯ ಸಹಜ ನಡವಳಿಕೆಯೆಂದರೆ ಹಾರುವುದು.

ನಮ್ಮ ಆಸ್ಪತ್ರೆಗೆ ಬರುವ ಹಕ್ಕಿಗಳಲ್ಲಿ ನಾನು ಹೆಚ್ಚಾಗಿ ಕಾಣುವ ಹಿಂಸೆ ಮಾತ್ರ ಬೇರೆ ಬಗೆಯದು. ಬಡ್ಜಿ ಆಸ್ಟ್ರೇಲಿಯಾದ ಒಣ ಒಳನಾಡಿನ ಹಕ್ಕಿ. ಅಲ್ಲಿ ಮಳೆ ಬಂದು ಹುಲ್ಲು ಬೀಜಗಟ್ಟಿದಾಗ ಅದು ಮೊಟ್ಟೆಯಿಡುತ್ತದೆ. ಇಲ್ಲಿ ವರ್ಷವಿಡೀ ಕಾಳು ತುಂಬಿಟ್ಟು ಪಂಜರದಲ್ಲಿ ಗೂಡಿಗೆಂದು ಮಡಕೆಯನ್ನೂ ಕಟ್ಟಿಬಿಟ್ಟರೆ ಅದಕ್ಕೆ ಮೊಟ್ಟೆ ನಿಲ್ಲಿಸಲು ಕಾರಣವೇ ಸಿಗುವುದಿಲ್ಲ. ಸುಣ್ಣದಂಶ ಬತ್ತಿ, ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಂಡು ಹೆಣ್ಣು ಹಕ್ಕಿಗಳು ಸಾಯುತ್ತವೆ. ವರ್ಷಕ್ಕೆ ಎರಡು ಸಲ ಮರಿ ಮಾಡಿಸಿದ ಮೇಲೆ ಮಡಕೆಯನ್ನು ತೆಗೆದಿಡಬೇಕು ಎಂದು ನಾನು ಹೇಳುವುದುಂಟು. ಪಂಜರದ ವಿಷಯದಲ್ಲಿಯೂ ಅಷ್ಟೆ: ಹಕ್ಕಿ ಅಡ್ಡಡ್ಡ ಹಾರುವುದರಿಂದ ಎತ್ತರಕ್ಕಿಂತ ಉದ್ದ ಮುಖ್ಯ, ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಸಿಗುವ ಗುಂಡು ಪಂಜರ ನೋಡಲಷ್ಟೇ ಚೆಂದ. ಅಂಗಡಿಗಳಿಗೆ ಪ್ರಾಣಿಗಳ ವಾಸದ ನಿಯಮಗಳಿವೆ. ಮನೆಯಲ್ಲಿ ಮರಿ ಮಾಡಿಸುವವರಿಗೆ ಅಂಥ ಸ್ಪಷ್ಟ ಅಳತೆಯನ್ನು ಯಾರೂ ಬರೆದಿಲ್ಲ. ಹವ್ಯಾಸಿಗಳು ಕರಡನ್ನು ಪೂರ್ತಿಯಾಗಿ ವಿರೋಧಿಸುವ ಬದಲು, ಪಂಜರದ ಅಳತೆ ಮತ್ತು ವರ್ಷದ ಮರಿಗಳ ಮಿತಿಯನ್ನು ನಿಯಮದಲ್ಲೇ ಬರೆಯಿರಿ ಎಂದು ಕೇಳುವುದು ಅವರಿಗೂ ಹಿತ, ಹಕ್ಕಿಗಳಿಗೂ ಹಿತ.

ಮಡಗಾಂವ್ ಕನ್ನಡಿಗ:

ಡಾಕ್ಟರೇ, ಅಳತೆ ಬರೆದರೆ ಅದನ್ನು ಮನೆಮನೆಗೆ ಹೋಗಿ ನೋಡುವವರು ಯಾರು? ಹವ್ಯಾಸದ ಹೆಸರಿನಲ್ಲಿ ಹಿಂದಿನ ಕೋಣೆಯಲ್ಲಿ ಸಾಲುಸಾಲು ಪಂಜರಗಳನ್ನು ಪೇರಿಸಿ, ಇನ್‌ಸ್ಟಾಗ್ರಾಂನಲ್ಲಿ ಮರಿ ಮಾರುವವರು ಇಲ್ಲಿ ಗೋವಾದಲ್ಲಿಯೂ ಇದ್ದಾರೆ. ಹಕ್ಕಿಗಳಿಗೆ ಹಾರುವ ಮೂಲಭೂತ ಹಕ್ಕಿದೆ ಎಂದು ದೆಹಲಿ ಹೈಕೋರ್ಟ್ 2015ರಲ್ಲಿಯೇ ಹೇಳಿತ್ತು. ಇರುವ ಹಕ್ಕಿಗಳು ಬದುಕಿರುವವರೆಗೆ ಸಾಕಿರಿ, ಹೊಸದಾಗಿ ಮರಿ ಮಾಡಿಸಬೇಡಿ ಎಂಬುದು ನನ್ನ ನಿಲುವು. ಇದು ನಿಮಗೆ ಕಠಿಣವೆನಿಸಬಹುದು.

ಹಕ್ಕಿಮನೆ, ಡೊಂಬಿವಲಿ:

ಎಲ್ಲರಿಗೂ ಧನ್ಯವಾದಗಳು. ಗೋವಾದ ಸಹೋದರರ ಮಾತನ್ನು ನಾನು ಪೂರ್ತಿ ಒಪ್ಪಲಾರೆ, ಆದರೂ ಮಾರಾಟಗಾರರಿಗೂ ನಮಗೂ ಇರುವ ಗೆರೆಯನ್ನು ನಾವೇ ತೋರಿಸಿಕೊಡಬೇಕು ಎಂಬುದನ್ನು ಒಪ್ಪುತ್ತೇನೆ. ಮರಿಗಳಿಗೆ ಕಾಲುಂಗುರ ತೊಡಿಸಿದರೆ ಅವು ನಮ್ಮಲ್ಲಿಯೇ ಹುಟ್ಟಿದವೆಂದು ತೋರಿಸಬಹುದೇ?

ಪಶುವೈದ್ಯ, ಮಾಟುಂಗಾ:

ತೋರಿಸಬಹುದು, ಆದರೆ ಬೆಸುಗೆಯಿಲ್ಲದ ಮುಚ್ಚಿದ ಉಂಗುರವನ್ನೇ ಬಳಸಬೇಕು. ಬಡ್ಜಿ ಮರಿಗೆ ಒಂದು ವಾರ ತುಂಬುವ ಆಸುಪಾಸಿನಲ್ಲಿ, ಪಾದ ಇನ್ನೂ ಮೆತ್ತಗಿರುವಾಗಲೇ ಅದನ್ನು ತೊಡಿಸಬೇಕು. ಪಾದ ಬೆಳೆದ ಮೇಲೆ ಆ ಉಂಗುರ ಒಳಗೆ ಹೋಗುವುದೂ ಇಲ್ಲ, ಹೊರಗೆ ಬರುವುದೂ ಇಲ್ಲ, ಆದ್ದರಿಂದಲೇ ಅದು ಪುರಾವೆಯಾಗುತ್ತದೆ. ಹೊರಗಿನಿಂದ ತಂದ ದೊಡ್ಡ ಹಕ್ಕಿಗೂ ಬಾಯಿ ತೆರೆದ ಸೀಳುಂಗುರವನ್ನು ಹಾಕಿಬಿಡಬಹುದು, ಹಾಗಾಗಿ ಅದಕ್ಕೆ ಆ ಬೆಲೆಯಿಲ್ಲ. ಉಂಗುರದ ಸಂಖ್ಯೆ, ಮೊಟ್ಟೆಯೊಡೆದ ದಿನ, ತಂದೆತಾಯಿ ಹಕ್ಕಿಗಳ ಸಂಖ್ಯೆ, ಮರಿಯನ್ನು ಯಾರಿಗೆ ಕೊಟ್ಟಿರಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಕಾನ್ಯೂರ್ ಮರಿ ಮಾಡಿದರೆ ಮಾತ್ರ ಈ ಪುಸ್ತಕ ಸಾಲದು. ಅದರ ಜನನವನ್ನು ಪರಿವೇಶ್‌ನಲ್ಲಿಯೂ ತಿಳಿಸಬೇಕು.