ಕೋರ್ಟಿನಲ್ಲಿ ಕೇಸೇ ಇಲ್ಲದಿದ್ದರೂ ಲೀಗ್ ಆಟಗಾರನನ್ನು ಹೊರಗೆ ಕೂರಿಸುವುದು ಹೇಗೆ?

ಪ್ರಶ್ನೆ: ಹನ್ನೆರಡನೆಯವ

ಹೆಂಡತಿಯ ಮೇಲೋ ಸಂಗಾತಿಯ ಮೇಲೋ ಕೈ ಮಾಡಿದ ಆರೋಪ ಬಂದಾಗ ಅಮೆರಿಕದ ದೊಡ್ಡ ಲೀಗ್‌ಗಳು ಆಟಗಾರನನ್ನು ಅಮಾನತು ಮಾಡುತ್ತವೆ. ಅದರಲ್ಲಿ ಮೂರು ವಿಷಯ ನನಗೆ ತಾಳೆಯಾಗುತ್ತಿಲ್ಲ.

ಅಮೆರಿಕನ್ ಫುಟ್‌ಬಾಲ್ ಆಟಗಾರ ಎಝೆಕಿಯೆಲ್ ಎಲಿಯಟ್ ಮೇಲೆ ಕೊಲಂಬಸ್ ನಗರದ ಪ್ರಾಸಿಕ್ಯೂಟರ್‌ಗಳು ಕೇಸೇ ಹಾಕಲಿಲ್ಲ. ಆದರೂ 2017ರಲ್ಲಿ ಆ ಆಟದ ಲೀಗ್ ಎನ್‌ಎಫ್‌ಎಲ್ ಅವನನ್ನು 6 ಪಂದ್ಯ ಕೂರಿಸಿತು. ಯಾವ ಅಧಿಕಾರದ ಮೇಲೆ? ಎರಡನೆಯದು, ಫುಟ್‌ಬಾಲ್‌ನ ರೇ ರೈಸ್‌ಗೆ ಮೊದಲು ಕೊಟ್ಟದ್ದು 2 ಪಂದ್ಯ, ಬೇಸ್‌ಬಾಲ್‌ನ ಹೊಸೆ ರೆಯೆಸ್‌ಗೆ 51. ಇಷ್ಟು ಅಂತರ ಯಾಕೆ? ಮೂರನೆಯದು, ಫುಟ್‌ಬಾಲ್‌ನವನೇ ಆದ ಗ್ರೆಗ್ ಹಾರ್ಡಿ 2014ರ ಸೀಸನ್‌ನಲ್ಲಿ 15 ಪಂದ್ಯ ಆಡಲಿಲ್ಲ, ಸಂಬಳ ಮಾತ್ರ ಪೂರ್ತಿ ಬಂತು. ಇದು ಶಿಕ್ಷೆಯೋ ರಜೆಯೋ?

ಹೊಸ ಲೀಗೊಂದು ಇಂಥ ನಿಯಮ ಬರೆಯಲು ಕೂತರೆ ಎಲ್ಲಿ ಎಡವುತ್ತದೆ ಅನ್ನುವುದೂ ಬೇಕು. ಸರಿ-ತಪ್ಪಿನ ವಾದ ಬೇಡ, ಪದ್ಧತಿ ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದವರು ಹೇಳಿ.

ಉತ್ತರ 1: ಕರಾರುಪತ್ರ

ಮೊದಲ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದ ಎರಡಕ್ಕೂ ದಾರಿ ತೆರೆಯುತ್ತದೆ. ಲೀಗ್ ಕೊಡುವುದು ಅಪರಾಧಕ್ಕೆ ಶಿಕ್ಷೆಯಲ್ಲ, ಕೆಲಸದ ಕರಾರು ಮುರಿದದ್ದಕ್ಕೆ ಶಿಸ್ತುಕ್ರಮ. ಆಟಗಾರರ ಸಂಘಕ್ಕೂ ಲೀಗಿಗೂ ನಡುವೆ ಸಾಮೂಹಿಕ ಒಪ್ಪಂದ ಇರುತ್ತದೆ. ಆಟಕ್ಕೆ ಕೆಟ್ಟ ಹೆಸರು ತರುವ ನಡತೆಯ ಬಗ್ಗೆ ಕ್ರಮ ಕೈಗೊಳ್ಳುವ ಅಧಿಕಾರ ಲೀಗಿನ ಮುಖ್ಯಸ್ಥನಾದ ಕಮಿಷನರ್‌ಗೆ ಅಲ್ಲಿಂದ ಬರುತ್ತದೆ. ಕ್ರಿಮಿನಲ್ ಕೋರ್ಟಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಎನ್‌ಎಫ್‌ಎಲ್ ನಿಯಮಕ್ಕೆ ನಂಬಬಹುದಾದ ಪುರಾವೆ ಇದ್ದರೆ ಸಾಕು. ಹಾಗಾಗಿ ಕೇಸು ಬಿದ್ದುಹೋದರೂ, ದಾಖಲಾಗದಿದ್ದರೂ ಅಮಾನತಿಗೆ ಅದು ಅಡ್ಡಿಯಲ್ಲ. ಬ್ಯಾಂಕಿನ ನೌಕರನೊಬ್ಬ ಕೋರ್ಟಿನಲ್ಲಿ ಖುಲಾಸೆಯಾಗಿ ಬಂದ ಮೇಲೂ ಇಲಾಖಾ ವಿಚಾರಣೆ ಎದುರಿಸುವುದಿಲ್ಲವೇ, ಹಾಗೆ.

ಆದರೆ ಈ ಅಧಿಕಾರ ಎಲ್ಲಾ ಲೀಗ್‌ಗಳಲ್ಲಿ ಒಂದೇ ಅಳತೆಯದ್ದಲ್ಲ. ಬೇಸ್‌ಬಾಲ್‌ನವರು 2015ರ ಆಗಸ್ಟ್‌ನಲ್ಲಿ ಕೌಟುಂಬಿಕ ದೌರ್ಜನ್ಯ, ಲೈಂಗಿಕ ದೌರ್ಜನ್ಯ, ಮಕ್ಕಳ ಮೇಲಿನ ದೌರ್ಜನ್ಯಕ್ಕೆಂದೇ ಜಂಟಿ ನೀತಿ ಮಾಡಿಕೊಂಡರು. ಜಂಟಿ ಅನ್ನುವುದೇ ಅಲ್ಲಿ ಮುಖ್ಯ, ಸಂಘದ ಸಹಿ ಅದಕ್ಕಿದೆ. ಅದರಲ್ಲಿ ಕನಿಷ್ಠ ಶಿಕ್ಷೆಯೂ ಇಲ್ಲ, ಗರಿಷ್ಠವೂ ಇಲ್ಲ. ಕಮಿಷನರ್ ಸೂಕ್ತ ಕಂಡಷ್ಟು ಕೊಡಬಹುದು, ಒಪ್ಪದಿದ್ದರೆ ಆಟಗಾರ ಮಧ್ಯಸ್ಥಿಕೆಗೆ ಹೋಗಬಹುದು. ಬಾಸ್ಕೆಟ್‌ಬಾಲ್‌ನ ಎನ್‌ಬಿಎ 2017ರ ಒಪ್ಪಂದದಲ್ಲಿ ಇಂಥದ್ದೇ ಜಂಟಿ ನೀತಿ ತಂದಿತು. ಐಸ್ ಹಾಕಿಯ ಎನ್‌ಎಚ್‌ಎಲ್ ಮಾತ್ರ ಪ್ರತ್ಯೇಕ ನೀತಿ ಮಾಡದೆ, ಒಪ್ಪಂದದಲ್ಲಿರುವ ಮೈದಾನದಾಚೆಯ ನಡತೆಯ ಸಾಮಾನ್ಯ ಕಲಮನ್ನೇ ಹಿಡಿದು ಒಂದೊಂದು ಪ್ರಕರಣ ನೋಡುತ್ತ ಬಂದಿದೆ.

ಎನ್‌ಎಫ್‌ಎಲ್ ಕಥೆ ಬೇರೆ. ರೈಸ್ ಪ್ರಕರಣದಲ್ಲಿ ಮುಖಭಂಗವಾದ ಮೇಲೆ, 2014ರ ಆಗಸ್ಟ್ 28ರಂದು ಕಮಿಷನರ್ ರೋಜರ್ ಗುಡೆಲ್ ಟೀಮ್ ಮಾಲೀಕರಿಗೆ ಪತ್ರ ಬರೆದರು: ಮೊದಲ ಸಲಕ್ಕೆ 6 ಪಂದ್ಯ, ಎರಡನೇ ಸಲಕ್ಕೆ ಲೀಗಿನಿಂದಲೇ ಹೊರಕ್ಕೆ, ಒಂದು ವರ್ಷ ಕಳೆದ ಮೇಲೆ ವಾಪಸಾತಿಗೆ ಅರ್ಜಿ ಹಾಕಬಹುದು. ಇದು ಮೇಲಿನಿಂದ ಬಂದ ಆದೇಶ, ಮೇಜಿನ ಎರಡೂ ಬದಿ ಕೂತು ಬರೆದದ್ದಲ್ಲ. ಮುಂದಿನ ಮೂರು ವರ್ಷ ಕೋರ್ಟಿಗೆ ಅಲೆದಾಡಿದ್ದರಲ್ಲಿ ಅರ್ಧ ಪಾಲು ಈ ಕಾರಣಕ್ಕೆ.

ಉತ್ತರ 2: ಮೂರನೇ ಅಂಪೈರ್

ಮೇಲಿನವರು ಕೋರ್ಟಿನ ಅಲೆದಾಟ ಅಂದರಲ್ಲ, ಅದನ್ನು ಸ್ವಲ್ಪ ಬಿಡಿಸುತ್ತೇನೆ. ಹೊಸ ನಿಯಮ ಬರೆಯುವವರಿಗೆ ಕಲಿಯಲು ಇರುವುದೆಲ್ಲ ಅಲ್ಲೇ.

ರೈಸ್‌ಗೆ 2014ರ ಜುಲೈನಲ್ಲಿ 2 ಪಂದ್ಯದ ಅಮಾನತು. ಅಷ್ಟು ಹೊತ್ತಿಗೆ ಹೊರಬಂದಿದ್ದ ವಿಡಿಯೊದಲ್ಲಿ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊ ಲಿಫ್ಟ್‌ನಿಂದ ಪ್ರಜ್ಞೆ ತಪ್ಪಿದ ಭಾವಿ ಪತ್ನಿಯನ್ನು ಆತ ಹೊರಗೆಳೆಯುವುದಷ್ಟೇ ಇತ್ತು. ಸೆಪ್ಟೆಂಬರ್ 8ರಂದು ಲಿಫ್ಟಿನ ಒಳಗಿನ ಹೊಡೆತದ ವಿಡಿಯೊ ಬಂತು. ಅದೇ ದಿನ ಟೀಮ್ ಕರಾರು ರದ್ದು ಮಾಡಿತು, ಲೀಗ್ ಅನಿರ್ದಿಷ್ಟ ಅವಧಿಗೆ ಅಮಾನತು ಮಾಡಿತು. ನವೆಂಬರ್ 28ರಂದು ಮಧ್ಯಸ್ಥಗಾರ್ತಿ, ಮಾಜಿ ಫೆಡರಲ್ ನ್ಯಾಯಾಧೀಶೆ ಬಾರ್ಬರಾ ಜೋನ್ಸ್, ಆ ಎರಡನೇ ಅಮಾನತನ್ನು ರದ್ದುಪಡಿಸಿದರು. ಕಾರಣ: ರೈಸ್ ನಡೆದದ್ದನ್ನು ಲೀಗಿನಿಂದ ಮುಚ್ಚಿಟ್ಟಿರಲಿಲ್ಲ. ವಿಡಿಯೊದಿಂದ ಹೊಸ ಸಂಗತಿಯೇನೂ ಹೊರಬರಲಿಲ್ಲ. ಒಂದೇ ಕೃತ್ಯಕ್ಕೆ ಎರಡು ಸಲ ಶಿಕ್ಷೆ ಕೊಡಲಾಗದು. ಆತ ಮತ್ತೆಂದೂ ಎನ್‌ಎಫ್‌ಎಲ್ ಪಂದ್ಯ ಆಡಲಿಲ್ಲ, ಅದು ಬೇರೆ ಮಾತು. ಆದರೆ ಪೂರ್ತಿ ವಿಚಾರಣೆಗೆ ಮೊದಲೇ ಅಂಕಿ ಘೋಷಿಸಿಬಿಟ್ಟರೆ ಆಮೇಲೆ ಅದನ್ನು ತಿದ್ದಲು ಜಾಗವೇ ಇರುವುದಿಲ್ಲ ಅನ್ನುವುದು ಅಲ್ಲಿ ಸ್ಪಷ್ಟವಾಯಿತು.

ಹಾರ್ಡಿಯದ್ದು ಹಿಂದಿನ ದಿನಾಂಕದ ತೊಡಕು. ಕೃತ್ಯ 2014ರ ಮೇ ತಿಂಗಳದ್ದು, 6 ಪಂದ್ಯದ ಪತ್ರ ಬಂದದ್ದು ಆಗಸ್ಟ್‌ನಲ್ಲಿ. 2015ರಲ್ಲಿ ಲೀಗ್ 10 ಪಂದ್ಯ ಕೊಟ್ಟಿತು. ಮೇಲ್ಮನವಿ ಕೇಳಿದ ಹೆರಾಲ್ಡ್ ಹೆಂಡರ್ಸನ್ ಅದನ್ನು 4ಕ್ಕೆ ಇಳಿಸಿದರು. ಬರೆದ ದಿನಕ್ಕಿಂತ ಮುಂಚಿನ ಕೃತ್ಯಕ್ಕೆ ಹೊಸ ದರ ಹಾಕಿದರೆ ಮೇಲ್ಮನವಿಯಲ್ಲಿ ಅದೇ ಮೊದಲ ಏಟು ತಿನ್ನುವ ಜಾಗ.

ಎಲಿಯಟ್ ಪ್ರಕರಣದಲ್ಲಿ ತಕರಾರು ತನಿಖೆಯ ಒಳಗಿನದು. ದೂರುದಾರಳನ್ನು ಖುದ್ದು ಸಂದರ್ಶಿಸಿದ ಲೀಗಿನ ತನಿಖಾಧಿಕಾರಿಗೆ ಆಕೆಯ ಹೇಳಿಕೆಗಳ ಬಗ್ಗೆ ಅನುಮಾನವಿತ್ತು, ಆ ಅಭಿಪ್ರಾಯ ವರದಿಯಲ್ಲಿ ಬರಲಿಲ್ಲ ಅನ್ನುವುದು ಮೇಲ್ಮನವಿಯಲ್ಲಿ ಬಯಲಾಯಿತು. ಟೆಕ್ಸಸ್‌ನ ನ್ಯಾಯಾಧೀಶರು ಸೆಪ್ಟೆಂಬರ್‌ನಲ್ಲಿ ತಡೆಯಾಜ್ಞೆ ಕೊಟ್ಟರು. ಅಕ್ಟೋಬರ್‌ನಲ್ಲಿ ಮೇಲಿನ ಕೋರ್ಟ್ ಅದನ್ನು ತೆಗೆದುಹಾಕಿತು. ಶಿಕ್ಷೆ ಸರಿಯೋ ತಪ್ಪೋ ಅಂತ ನೋಡಿ ಅಲ್ಲ, ಮಧ್ಯಸ್ಥಗಾರರ ತೀರ್ಪು ಬರುವ ಮೊದಲೇ ದಾವೆ ಹೂಡಿದ್ದರು ಅಂತ. ಕೊನೆಗೆ ನವೆಂಬರ್‌ನಿಂದ ಆತ 6 ಪಂದ್ಯ ಹೊರಗೆ ಕೂತ. ಗಮನಿಸಿ, ಇಂಥಲ್ಲಿ ಕೋರ್ಟುಗಳು "ಹೊಡೆದನೋ ಇಲ್ಲವೋ" ನೋಡುವುದಿಲ್ಲ, "ಒಪ್ಪಂದದಲ್ಲಿ ಬರೆದಂತೆ ನಡೆದರೋ ಇಲ್ಲವೋ" ಅನ್ನುವುದನ್ನಷ್ಟೇ ನೋಡುತ್ತವೆ.

2020ರ ಒಪ್ಪಂದದಲ್ಲಿ ಒಂದು ಬದಲಾವಣೆ ಬಂತು. ಮೊದಲ ಹಂತದ ತೀರ್ಪು ಈಗ ಲೀಗ್ ಮತ್ತು ಸಂಘ ಸೇರಿ ನೇಮಿಸಿದ ಶಿಸ್ತು ಅಧಿಕಾರಿಯದ್ದು, ನಡೆದದ್ದೇನು ಅನ್ನುವ ಅವರ ನಿರ್ಣಯಕ್ಕೆ ಎಲ್ಲರೂ ಬದ್ಧ. ಆದರೆ ಶಿಕ್ಷೆಯ ಪ್ರಮಾಣದ ಮೇಲ್ಮನವಿ ಹೋಗುವುದು ಮತ್ತೆ ಕಮಿಷನರ್ ಅಥವಾ ಅವರು ಹೇಳಿದವರ ಬಳಿಗೆ. ನನ್ನ ಪ್ರಕಾರ ಇದು ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಮೇಲ್ಮನವಿಗೆ ಹೊರಗಿನವರೇ ಇರಬೇಕು. ಬೇಸ್‌ಬಾಲ್‌ನ ಟ್ರೆವರ್ ಬಾವರ್‌ಗೆ 2022ರಲ್ಲಿ ಲೈಂಗಿಕ ದೌರ್ಜನ್ಯದ ಆರೋಪದ ಮೇಲೆ 324 ಪಂದ್ಯ ಕೊಟ್ಟಿದ್ದನ್ನು ಸ್ವತಂತ್ರ ಮಧ್ಯಸ್ಥಗಾರರು 194ಕ್ಕೆ ಇಳಿಸಿದರು. ಸಂಖ್ಯೆ ಇಳಿಯಿತು, ಆದರೂ ಅದು ಆ ನೀತಿಯಡಿ ಆವರೆಗಿನ ಅತಿ ದೀರ್ಘ ಅಮಾನತಾಗಿಯೇ ಉಳಿಯಿತು.

ಉತ್ತರ 3: ಸ್ಕೋರ್‌ಬುಕ್

2ಕ್ಕೂ 51ಕ್ಕೂ ಇರುವ ಅಂತರದ ಬಗ್ಗೆ. ಪಂದ್ಯಗಳನ್ನು ಹೋಲಿಸಬೇಡಿ, ಸೀಸನ್‌ನ ಪಾಲು ನೋಡಿ. ಆಗ ಎನ್‌ಎಫ್‌ಎಲ್ ಸೀಸನ್ 16 ಪಂದ್ಯ, ಬೇಸ್‌ಬಾಲ್‌ನದ್ದು 162. ರೈಸ್‌ನ 2 ಅಂದರೆ 12.5 ಶೇಕಡಾ, ರೆಯೆಸ್‌ನ 51 ಅಂದರೆ ಸುಮಾರು 31, ಎಲಿಯಟ್‌ನ 6 ಅಂದರೆ 37.5. ಬೇಸ್‌ಬಾಲ್‌ನ ಆರೊಲ್ಡಿಸ್ ಚಾಪ್‌ಮನ್‌ಗೆ 2016ರಲ್ಲಿ ಹೊಸ ನೀತಿಯಡಿ ಮೊದಲ ಶಿಕ್ಷೆಯಾಗಿ ಸಿಕ್ಕ 30 ಪಂದ್ಯ ದೊಡ್ಡದಾಗಿ ಕಾಣುತ್ತದೆ, ಲೆಕ್ಕದಲ್ಲಿ 18.5 ಮಾತ್ರ. ಮಹಿಳೆಯರ ಬಾಸ್ಕೆಟ್‌ಬಾಲ್ ಲೀಗ್ ಡಬ್ಲ್ಯುಎನ್‌ಬಿಎಯಲ್ಲಿ 2015ರಲ್ಲಿ ಜೋಡಿಯಾಗಿದ್ದ ಬ್ರಿಟ್ನಿ ಗ್ರೈನರ್ ಮತ್ತು ಗ್ಲೋರಿ ಜಾನ್ಸನ್ ಇಬ್ಬರಿಗೂ ತಲಾ 7 ಪಂದ್ಯ ಕೊಟ್ಟರು, ಸೀಸನ್ 34 ಪಂದ್ಯದ್ದಾದ್ದರಿಂದ ಅದು 20ಕ್ಕೂ ಮೇಲೆ.

ಈಗ ಹಾರ್ಡಿಯ ಸಂಬಳ. ಅದು ಕಮಿಷನರ್ ವಿನಾಯಿತಿ ಪಟ್ಟಿ. ಅದರಲ್ಲಿ ಹೆಸರಿದ್ದವನು ಆಡುವಂತಿಲ್ಲ, ಸಂಬಳ ನಿಲ್ಲುವುದಿಲ್ಲ. ತೀರ್ಮಾನಕ್ಕೆ ಮುನ್ನ ದೂರ ಇಡುವ ವ್ಯವಸ್ಥೆ ಅದು, ಶಿಕ್ಷೆಯಲ್ಲ. ಆತನ ಆ ವರ್ಷದ ಸಂಬಳ 1.31 ಕೋಟಿ ಡಾಲರ್, ಆಡಿದ್ದು ಒಂದೇ ಪಂದ್ಯ. ಜನರಿಗೆ ಸಿಟ್ಟು ಬಂದದ್ದು ಸಹಜ, ಆದರೆ ಸಂಬಳ ಕಟ್ ಮಾಡಿದ್ದರೆ ಅದೇ ವಿಚಾರಣೆಯಿಲ್ಲದ ಶಿಕ್ಷೆ ಆಗಿಬಿಡುತ್ತಿತ್ತು.

ಬೇಸ್‌ಬಾಲ್‌ನವರು ಇದನ್ನು ಇನ್ನೂ ಜಾಣತನದಿಂದ ಮಾಡಿದ್ದಾರೆ. ಅಲ್ಲಿ ಆಡಳಿತಾತ್ಮಕ ರಜೆ 7 ದಿನ, ವೇತನ ಸಹಿತ, ಸಂಘ ಒಪ್ಪಿದರೆ ವಿಸ್ತರಣೆ. ತಪ್ಪು ಅಂತ ತೀರ್ಮಾನವಾದರೆ ರಜೆಯಲ್ಲಿದ್ದ ಪಂದ್ಯಗಳನ್ನೂ ಅಮಾನತಿಗೆ ಸೇರಿಸಿ ಆ ದಿನಗಳ ಸಂಬಳ ಹಿಂದಕ್ಕೆ ಪಡೆಯಬಹುದು. ರೆಯೆಸ್‌ಗೆ ಹಾಗೇ ಆಯಿತು: ಫೆಬ್ರವರಿಯಿಂದ ರಜೆ, ಮೇ ತಿಂಗಳಲ್ಲಿ ತೀರ್ಪು, ಲೆಕ್ಕ ಹಿಂದಿನಿಂದ. ಜೊತೆಗೆ ಕೌಟುಂಬಿಕ ದೌರ್ಜನ್ಯದ ವಿರುದ್ಧ ಕೆಲಸ ಮಾಡುವ ಸಂಸ್ಥೆಗಳಿಗೆ 1 ಲಕ್ಷ ಡಾಲರ್.

ಟೀಮ್‌ಗಳೂ ಕರಾರಿನಲ್ಲೇ ಬೇಲಿ ಹಾಕಿಕೊಳ್ಳುತ್ತವೆ. 2015ರಲ್ಲಿ ಹಾರ್ಡಿಯನ್ನು ಕೊಂಡ ಡಲ್ಲಾಸ್ ಟೀಮ್ ಮೂಲ ವೇತನ ಇಟ್ಟದ್ದು 7.5 ಲಕ್ಷ ಡಾಲರ್ ಮಾತ್ರ. ದೊಡ್ಡ ಮೊತ್ತವಾದ 92.5 ಲಕ್ಷವನ್ನು 16 ಪಂದ್ಯಗಳಿಗೆ ಹಂಚಿ, ಟೀಮಿನಲ್ಲಿದ್ದ ಪ್ರತಿ ಪಂದ್ಯಕ್ಕೆ 5,78,125 ಡಾಲರ್ ಅಂತ ಬರೆದರು. 4 ಪಂದ್ಯ ಹೊರಗೆ ಕೂತರೆ 23 ಲಕ್ಷ ತಾನೇ ಉಳಿಯಿತು, ಯಾರ ಬಳಿಯೂ ವಸೂಲಿಗೆ ಹೋಗಬೇಕಿಲ್ಲ.

ಎಣಿಕೆಯಲ್ಲಿ ಎಡವಟ್ಟಾಗುವುದೂ ಉಂಟು. ಬೇಸ್‌ಬಾಲ್‌ನ ಡೊಮಿಂಗೊ ಹರ್ಮಾನ್‌ಗೆ 81 ಪಂದ್ಯ, ಅದರಲ್ಲಿ 18 ಹಿಂದಿನ ವರ್ಷದ ರಜೆಯಲ್ಲಿ ಕಳೆದಿತ್ತು, 2020ಕ್ಕೆ ಉಳಿದದ್ದು 63. ಕೋವಿಡ್‌ನಿಂದ ಆ ಸೀಸನ್ ಕುಗ್ಗಿ 60 ಪಂದ್ಯಕ್ಕೆ ನಿಂತಿತು. ಅರ್ಧ ಸೀಸನ್ ಅಂತ ಕೊಟ್ಟ ಶಿಕ್ಷೆ ಒಂದು ಇಡೀ ಸೀಸನ್ ನುಂಗಿತು. ಸೀಸನ್ ಮೊಟಕಾದರೆ ಏನು ಅಂತ ನಿಯಮದಲ್ಲೇ ಒಂದು ಸಾಲು ಇರಲಿ.

ಹನ್ನೆರಡನೆಯವ

ತುಂಬಾ ಸ್ಪಷ್ಟವಾಯಿತು. ಒಂದು ಉಪಪ್ರಶ್ನೆ. ಇಂಥ ಕೇಸುಗಳಲ್ಲಿ ಹೊಡೆತ ತಿಂದವಳೇ ಆಮೇಲೆ ದೂರು ವಾಪಸ್ ತೆಗೆದುಕೊಳ್ಳುವುದು ಸಾಮಾನ್ಯ. ಆಗ ಲೀಗ್ ಏನನ್ನು ಆಧರಿಸಿ ತೀರ್ಮಾನಿಸುತ್ತದೆ?

ಉತ್ತರ 4: ಕಟಕಟೆ

ಲೀಗಿನ ಕೈ ಕಟ್ಟಿಹಾಕುವುದು ಇಲ್ಲಿಯೇ. ಅದಕ್ಕೆ ಸಮನ್ಸ್ ಹೊರಡಿಸುವ ಅಧಿಕಾರ ಇಲ್ಲ. ಹೋಟೆಲಿನವರ ಸಿಸಿಟಿವಿ ಕೊಡಿ ಅಂತ ಕೇಳಬಹುದು, ಕೊಡದಿದ್ದರೆ ಒತ್ತಾಯಿಸಲಾಗದು. ಎನ್‌ಎಫ್‌ಎಲ್‌ನ ಕರೀಮ್ ಹಂಟ್ ಘಟನೆ ನಡೆದದ್ದು 2018ರ ಫೆಬ್ರವರಿಯಲ್ಲಿ, ವಿಡಿಯೊ ಜಗತ್ತಿಗೆ ಕಂಡದ್ದು ನವೆಂಬರ್ 30ಕ್ಕೆ, 8 ಪಂದ್ಯದ ಅಮಾನತು 2019ರ ಮಾರ್ಚ್‌ನಲ್ಲಿ. ಆತನಿಂದ ಪೆಟ್ಟು ತಿಂದವಳು ಸಂಗಾತಿಯಲ್ಲ, ಆದರೂ ಪುರಾವೆಯ ಪಾಡು ಒಂದೇ.

ಅಧಿಕಾರ ಇಲ್ಲ ಅನ್ನುವುದು ಸೋಮಾರಿತನಕ್ಕೆ ನೆಪವೂ ಆಗುತ್ತದೆ. ರೈಸ್ ಪ್ರಕರಣವನ್ನು ಮರುಪರಿಶೀಲಿಸಿದ ಎಫ್‌ಬಿಐ ಮಾಜಿ ನಿರ್ದೇಶಕ ರಾಬರ್ಟ್ ಮುಲ್ಲರ್ 2015ರ ಜನವರಿಯಲ್ಲಿ ವರದಿ ಕೊಟ್ಟರು. ಒಳಗಿನ ವಿಡಿಯೊ ಲೀಗಿಗೆ ಮೊದಲೇ ತಲುಪಿತ್ತು ಅನ್ನಲು ಪುರಾವೆ ಇಲ್ಲ, ಆದರೆ ಲಿಫ್ಟಿನಲ್ಲಿ ಏನಾಯಿತು ಅಂತ ಲೀಗ್ ಇನ್ನಷ್ಟು ಅಗೆದು ನೋಡಬೇಕಿತ್ತು ಅನ್ನುವುದು ಅದರ ಸಾರ.

ಪೀಡಿತೆ ಸುಮ್ಮನಾದರೆ ಉಳಿಯುವುದು: ತುರ್ತು ಕರೆಯ ಧ್ವನಿಮುದ್ರಣ, ಮೊದಲು ಬಂದ ಪೊಲೀಸರ ಟಿಪ್ಪಣಿ, ಗಾಯದ ಫೋಟೊ, ಆಸ್ಪತ್ರೆ ದಾಖಲೆ, ಮೆಸೇಜುಗಳು, ಅಕ್ಕಪಕ್ಕದವರ ಮಾತು. ಫೋಟೊಗೆ ತಾರೀಖಿನ ಮೆಟಾಡೇಟಾ (ಫೈಲಿನೊಳಗೆ ತಾನಾಗಿ ದಾಖಲಾಗುವ ಮಾಹಿತಿ) ಇದೆಯೇ ಅನ್ನುವುದನ್ನು ಮೊದಲು ನೋಡಬೇಕು. ರೆಯೆಸ್ ಪ್ರಕರಣದಲ್ಲಿ ಪತ್ನಿ ಸಹಕರಿಸದೆ ಕ್ರಿಮಿನಲ್ ಕೇಸು ಬಿದ್ದಿತು, ಲೀಗಿನ ಕ್ರಮ ನಿಲ್ಲಲಿಲ್ಲ.

ಆಕೆ ಯಾಕೆ ಹಿಂದೆ ಸರಿಯುತ್ತಾಳೆ ಅನ್ನುವುದಕ್ಕೆ ಭಯ ಒಂದೇ ಕಾರಣವಲ್ಲ. ಅಮಾನತಿನ ಪ್ರತಿ ವಾರ ಮನೆಗೆ ಬರುವ ದುಡ್ಡೂ ನಿಲ್ಲುತ್ತದೆ, ಮಕ್ಕಳ ಖರ್ಚು ಅದರಲ್ಲೇ. ಶಿಕ್ಷೆಯ ದರ ಏರಿದಷ್ಟೂ ಬಾಯಿ ಮುಚ್ಚಿಸುವ ಒತ್ತಡವೂ ಏರುತ್ತದೆ. ಆದ್ದರಿಂದ ನಿಯಮದಲ್ಲಿ ಪೀಡಿತೆಗೆ ಟೀಮಿನಿಂದ ಬೇರೆಯಾದ, ಗೋಪ್ಯವಾದ ಸಹಾಯವಾಣಿ ಮತ್ತು ತಾತ್ಕಾಲಿಕ ವಸತಿಯ ವ್ಯವಸ್ಥೆ ಮೊದಲು ಇರಬೇಕು, ಪಂದ್ಯಗಳ ಸಂಖ್ಯೆ ಆಮೇಲೆ. ಆಕೆಯನ್ನು ಗಂಡನ ಪಕ್ಕ ಕೂರಿಸಿ ಹೇಳಿಕೆ ತೆಗೆದುಕೊಳ್ಳಬಾರದು. 2014ರಲ್ಲಿ ಎನ್‌ಎಫ್‌ಎಲ್ ಮಾಡಿದ್ದು ಅದನ್ನೇ, ರೈಸ್ ದಂಪತಿ ಇಬ್ಬರೂ ಇದ್ದ ಸಭೆಯಲ್ಲಿ ಗುಡೆಲ್ ಆಕೆಯ ಮಾತು ಕೇಳಿದರು.

ಇನ್ನೊಂದು ಕಡೆ, ಆಟಗಾರ ಲೀಗಿಗೆ ಹೇಳಿದ್ದು ಕೋರ್ಟಿನಲ್ಲಿ ಅವನ ವಿರುದ್ಧವೇ ತಿರುಗಬಹುದು. ಹಾಗಾಗಿ ವಕೀಲರು ಕ್ರಿಮಿನಲ್ ಕೇಸು ಮುಗಿಯುವ ತನಕ ತುಟಿ ಬಿಚ್ಚಬೇಡ ಅನ್ನುತ್ತಾರೆ, ಲೀಗ್ ತನಿಖೆ ತಿಂಗಳುಗಟ್ಟಲೆ ಎಳೆಯುತ್ತದೆ. ಎನ್‌ಬಿಎಯ ಮೈಲ್ಸ್ ಬ್ರಿಡ್ಜಸ್ ಬಂಧನ 2022ರ ಜೂನ್‌ನಲ್ಲಿ, ಲೀಗಿನ ತೀರ್ಮಾನ 2023ರ ಏಪ್ರಿಲ್‌ನಲ್ಲಿ. 30 ಪಂದ್ಯ, ಆಡದೆ ಕಳೆದ ಸೀಸನ್‌ನ ಲೆಕ್ಕದಲ್ಲಿ 20 ಕಳೆದು ಉಳಿದದ್ದು 10.

ಉತ್ತರ 5: ಸೈಡ್‌ಲೈನ್

ಅಮೆರಿಕದಾಚೆಯ ಎರಡು ಮಾದರಿ. ಆಸ್ಟ್ರೇಲಿಯಾದ ರಗ್ಬಿ ಲೀಗ್ ಎನ್‌ಆರ್‌ಎಲ್ 2019ರಲ್ಲಿ ವಿವೇಚನೆಯನ್ನೇ ಬಹುಮಟ್ಟಿಗೆ ತೆಗೆದುಹಾಕಿತು. ಗರಿಷ್ಠ 11 ವರ್ಷ ಅಥವಾ ಹೆಚ್ಚು ಜೈಲು ಇರುವ ಅಪರಾಧದ ಆರೋಪ ದಾಖಲಾದರೆ ಆಟಗಾರ ತಾನಾಗಿಯೇ ಹೊರಗೆ, ಪೂರ್ತಿ ಸಂಬಳದೊಂದಿಗೆ, ತಪ್ಪು ಮಾಡಿದ್ದಾನೆ ಅನ್ನುವ ಮುದ್ರೆ ಇಲ್ಲದೆ. ಅದಕ್ಕಿಂತ ಕಡಿಮೆ ಶಿಕ್ಷೆಯದ್ದಾಗಿ, ಹೆಂಗಸರು ಮಕ್ಕಳ ಮೇಲಿನ ಕೃತ್ಯವಾದರೆ ಮುಖ್ಯ ಕಾರ್ಯನಿರ್ವಾಹಕರು ನಿರ್ಧರಿಸಬಹುದು. ಲೈಂಗಿಕ ದೌರ್ಜನ್ಯದ ಆರೋಪ ಹೊತ್ತಿದ್ದ ಜಾಕ್ ಡಿ ಬೆಲಿನ್ ಇದನ್ನು ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸಿ ಸೋತರು. ಆಮೇಲೆ ಕ್ರಿಮಿನಲ್ ಕೇಸಿನಲ್ಲಿ ಜ್ಯೂರಿ ಸದಸ್ಯರು ಒಮ್ಮತಕ್ಕೆ ಬರದೆ, 2021ರಲ್ಲಿ ಉಳಿದ ಆರೋಪಗಳನ್ನೂ ಪ್ರಾಸಿಕ್ಯೂಷನ್ ಕೈಬಿಟ್ಟಿತು. ಅಷ್ಟರಲ್ಲಿ 2019, 2020 ಎರಡೂ ಸೀಸನ್ ಹೋಗಿತ್ತು. ಸಂಬಳ ಬಂತು, ಆಡುವ ವಯಸ್ಸು ವಾಪಸ್ ಬರುವುದಿಲ್ಲ. ಗೆರೆ ಸ್ಪಷ್ಟ ಇದ್ದಷ್ಟೂ ಈ ನಷ್ಟ ದೊಡ್ಡದು, ಗೆರೆ ಮಸುಕಾದಷ್ಟೂ ಪಕ್ಷಪಾತದ ದೂರು ದೊಡ್ಡದು.

ನಮ್ಮ ಕ್ರಿಕೆಟ್‌ಗೆ ಬಂದರೆ, 2018ರ ಮಾರ್ಚ್‌ನಲ್ಲಿ ಮೊಹಮ್ಮದ್ ಶಮಿ ಮೇಲೆ ಪತ್ನಿ ದೌರ್ಜನ್ಯದ ಜೊತೆಗೆ ದುಡ್ಡಿನ ವ್ಯವಹಾರದ ಆರೋಪವನ್ನೂ ಮಾಡಿದರು. ಶಮಿ ಎಲ್ಲವನ್ನೂ ಅಲ್ಲಗಳೆದರು. ಬಿಸಿಸಿಐ ಕರಾರು ತಡೆಹಿಡಿದು ಭ್ರಷ್ಟಾಚಾರ ನಿಗ್ರಹ ಘಟಕಕ್ಕೆ ತನಿಖೆ ವಹಿಸಿತು. ಘಟಕ ನೋಡಿದ್ದು ಮ್ಯಾಚ್ ಫಿಕ್ಸಿಂಗ್ ಮಗ್ಗುಲನ್ನು ಮಾತ್ರ. ಅದರಲ್ಲಿ ಏನೂ ಸಿಗದೆ ಅದೇ ತಿಂಗಳು ಬಿ ಗ್ರೇಡ್ ಕರಾರು ಕೊಟ್ಟರು. ಮನೆಯೊಳಗಿನ ಆರೋಪವನ್ನು ಪೊಲೀಸರಿಗೆ, ಕೋರ್ಟಿಗೆ ಬಿಟ್ಟರು. ನೀವು ನಿಯಮ ಬರೆಯುವುದಾದರೆ ಮೊದಲ ಪುಟದಲ್ಲೇ ಒಂದು ಸಾಲು ಸೇರಿಸಿ: ಕರಾರು ತಡೆಹಿಡಿದರೆ ಯಾವ ಆರೋಪಕ್ಕೆ ತಡೆಹಿಡಿದದ್ದು, ಅದನ್ನು ಯಾರು, ಎಷ್ಟು ದಿನದೊಳಗೆ ವಿಚಾರಿಸಬೇಕು.