ಅಪ್‌ಡೇಟ್: ಲಿಸ್ಬನ್ ಹಾಸ್ಟೆಲ್‌ನಲ್ಲಿ ನಿದ್ದೆ, ಊಟ ಎರಡೂ ಸಿಕ್ತು

ಲಿಸ್ಬನ್‌ಗೆ ಒಬ್ಬಳೇ ಹೋಗ್ತಿದ್ದೀನಿ, ಜನರ ಜೊತೆ ಬೆರೆಯೋಕೆ ಆಗೋ ಹಾಸ್ಟೆಲ್ ಬೇಕು, ಆದ್ರೆ ರಾತ್ರಿ ನಿದ್ದೇನೂ ಬೇಕು, ಸಸ್ಯಾಹಾರಿ ಬೇರೆ ಅಂತ ಕೇಳಿದ್ದೆ. ಹೋಗಿ ಬಂದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೆಲಸಕ್ಕೆ ಬಂದಿದ್ದು ಒಂದೇ ಸಲಹೆ: ಮೊದಲೇ ಮೇಲ್ ಮಾಡಿ ಬೀದಿ ಕಡೆಗಿಲ್ಲದ, ಹಾಲ್‌ಗೆ ದೂರದ ರೂಮ್ ಕೇಳಿ ಅಂದಿದ್ದು. ಹಿಂಬದಿಯ ಕೋಣೆ ಕೊಟ್ರು, ಹಾಯಾಗಿ ಮಲಗಿದೆ. ಮಹಿಳೆಯರ ಡಾರ್ಮ್ (ಹಲವರು ಹಂಚ್ಕೊಂಡು ಮಲಗೋ ಕೋಣೆ) ಆದ್ರೆ ಗಲಾಟೆ ಇರಲ್ಲ ಅನ್ನೋದು ನನ್ನ ಮಟ್ಟಿಗೆ ಸುಳ್ಳಾಯ್ತು. ಬೆಳಗಿನ ಜಾವದ ವಿಮಾನಕ್ಕೆ ಹೊರಡೋರು ಪ್ಲಾಸ್ಟಿಕ್ ಕವರ್ ಸರಬರ ಅನ್ನಿಸ್ತಾ ಇರ್ತಾರೆ, ಇಯರ್‌ಪ್ಲಗ್ ಬೇಕೇ ಬೇಕು.

ಹಾಸ್ಟೆಲ್ ಇದ್ದದ್ದು ಬೈಶಾದಲ್ಲಿ, 1755ರ ಭೂಕಂಪದ ನಂತರ ಮತ್ತೆ ಕಟ್ಟಿದ ಪ್ರದೇಶ. ಎತ್ತರದ ಕಿಟಕಿ, ಹಳೇ ಮರದ ಮೆಟ್ಟಿಲು, ಒಳಗೆ ಚೆಂದದ ಸೋಫಾ, ದೀಪ. ಲಿಫ್ಟ್ ಇಲ್ಲ, ದೊಡ್ಡ ಸೂಟ್‌ಕೇಸ್ ಬೇಡವೇ ಬೇಡ.

ಗೆಳೆತನ ಆಗಿದ್ದು ಎಲ್ಲರೂ ಒಟ್ಟಿಗೆ ಕೂತು ಉಣ್ಣೋ ರಾತ್ರಿ ಊಟದಲ್ಲಿ. ಸಸ್ಯಾಹಾರಿ ಅಂತ ಬೆಳಿಗ್ಗೇನೇ ಹೇಳಿಡಿ. ಕಾಲ್ಡೊ ವೆರ್ಡೆ ಅನ್ನೋ ಸೊಪ್ಪಿನ ಸೂಪ್ ನೋಡೋಕೆ ನಮ್ಮದೇ ಅನ್ಸುತ್ತೆ, ಆದ್ರೆ ಸಾಮಾನ್ಯವಾಗಿ ಅದರಲ್ಲಿ ಹಂದಿಮಾಂಸದ ಸಾಸೇಜ್ ತುಂಡು ಇರುತ್ತೆ! ಬೇಳೆ, ಮಸಾಲೆ ಬೇಕಂದ್ರೆ ಹತ್ತಿರದ ಮಾರ್ಟಿಮ್ ಮೊನಿಜ್ ಕಡೆ ನಮ್ಮ ಕಡೆಯವರ ಅಂಗಡಿಗಳಿವೆ, ಹಾಸ್ಟೆಲ್ ಅಡುಗೆಮನೇಲಿ ಸಾರು ಮಾಡ್ಕೊಂಡೆ.

ಇನ್ನೊಂದು, ಬಾಡಿಗೆ ಜೊತೆಗೆ ರಾತ್ರಿಗೆ 4 ಯೂರೋ ನಗರ ತೆರಿಗೆ ಇದೆ. ಡಾರ್ಮ್ ಹಾಸಿಗೆಗೂ ಅಷ್ಟೇ, ಬಜೆಟ್‌ನಲ್ಲಿ ಸೇರಿಸ್ಕೊಳ್ಳಿ.