ಮಾವನ ಐದು ದಿನದ ಲೇಹ್ ಪಟ್ಟಿ

ಸೋದರಮಾವ: ನಮ್ಮ ಲಡಾಖ್ ಪ್ರವಾಸದ ಪಟ್ಟಿಯನ್ನು ಎಲ್ಲರೂ ಓದಿ. ಐದು ದಿನದಲ್ಲಿ ಲೇಹ್! ಮೊದಲ ದಿನ ವಿಮಾನ ಇಳಿದು ಊರು ಸುತ್ತುವುದು, ಮಾರನೆಯ ದಿನ ಖರ್ದುಂಗ್ ಲಾ ಘಾಟಿ ದಾಟಿ ನುಬ್ರಾ ಕಣಿವೆ, ಮೂರನೆಯ ರಾತ್ರಿ ಪ್ಯಾಂಗಾಂಗ್ ಸರೋವರದ ದಡ. ಉಸಿರಾಟಕ್ಕೆ ಕರ್ಪೂರ ಮೂಸಿದರೆ ಸಾಕಂತೆ. ನಾನೂ ನಿಮ್ಮ ಅತ್ತೆಯೂ ಟಿಕೆಟ್ ಮಾಡಿಸಿದ್ದೇವೆ.

ಅಕ್ಕ: ಮಾವ, ದಯವಿಟ್ಟು ಈ ಪಟ್ಟಿ ನಂಬಿ ಹೊರಡಬೇಡಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರ, ಲೇಹ್ 3,500. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಅಷ್ಟೇ. ಮೊದಲ ಎರಡು ದಿನ ವಿಶ್ರಾಂತಿ ತೆಗೆದುಕೊಳ್ಳಿ. ಬೇಕಾದರೆ ಸಂಜೆ ಬಜಾರಿನವರೆಗೆ ನಿಧಾನವಾಗಿ ನಡೆದು ಬನ್ನಿ.

ಸೋದರಮಾವ: ಅಷ್ಟು ದುಡ್ಡು ಸುರಿದು ಕೋಣೆಯಲ್ಲಿ ಮಲಗುವುದೇ? ಹೋದ ವರ್ಷ ಮುಳ್ಳಯ್ಯನಗಿರಿಯನ್ನು ಎಲ್ಲಿಯೂ ಕೂರದೆ ಹತ್ತಿದ್ದನ್ನು ನೀನೇ ನೋಡಿದ್ದೀಯೆ.

ಅಕ್ಕ: ನೋಡಿದ್ದೇನೆ. ಅದರ ತುದಿ 1,930 ಮೀಟರ್. ಲೇಹ್‌ನಲ್ಲಿ ನೀವು ತಲೆಯಿಡುವ ದಿಂಬೇ ಅದಕ್ಕಿಂತ ಒಂದೂವರೆ ಸಾವಿರ ಮೀಟರ್ ಮೇಲಿರುತ್ತದೆ! ಗಟ್ಟಿಮುಟ್ಟಾದ ಹುಡುಗರನ್ನೂ ಎತ್ತರದ ಕಾಯಿಲೆ ಬಿಡುವುದಿಲ್ಲ.

ಅಮ್ಮ: ಅಣ್ಣ, ಅವಳ ಮಾತು ಕೇಳು. ನಾವು ಹೋದಾಗ ಮೊದಲ ದಿನವೇ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿದೆ. ರಾತ್ರಿಯಿಡೀ ತಲೆ ಸಿಡಿಯಿತು, ಅನ್ನ ಕಂಡರೆ ವಾಕರಿಕೆ. ಜೊತೆಯವರ ಸಂತೋಷ ಕೆಡಬಾರದೆಂದು ಬಾಯಿಬಿಡಲಿಲ್ಲ, ಅದೇ ದೊಡ್ಡ ತಪ್ಪು. ಕರ್ಪೂರವನ್ನೂ ಮೂಸಿದ್ದೆ, ಏನೂ ಆಗಲಿಲ್ಲ.

ಸೋದರಮಾವ: ಎತ್ತರವೇ ತೊಂದರೆ ಎಂದರೆ ನುಬ್ರಾ ಲೇಹ್‌ಗಿಂತ ತಗ್ಗಿನಲ್ಲಿದೆ. ಎರಡನೆಯ ರಾತ್ರಿ ಅಲ್ಲಿ ಮಲಗುವುದು ಒಳ್ಳೆಯದೇ ಅಲ್ಲವೇ?

ಅಕ್ಕ: ತಗ್ಗು ನಿಜ, ನುಬ್ರಾದ ಹುಂಡರ್ ಊರು ಸುಮಾರು 3,100 ಮೀಟರ್. ಆದರೆ ನಡುವೆ 5,359 ಮೀಟರಿನ ಖರ್ದುಂಗ್ ಲಾ ಇದೆಯಲ್ಲ! ನಡುರಾತ್ರಿ ಅತ್ತೆಗೆ ಉಸಿರು ಕಟ್ಟಿದರೆ ಲೇಹ್‌ನ ದೊಡ್ಡಾಸ್ಪತ್ರೆಗೆ ಬರಲು ಅದೇ ಘಾಟಿಯನ್ನು ಮತ್ತೆ ಏರಬೇಕು. ಕರ್ಪೂರದಿಂದ ಮೂಗಿಗೆ ತಂಪೆನಿಸುತ್ತದೆ, ರಕ್ತಕ್ಕೆ ಆಮ್ಲಜನಕ ಸೇರುವುದಿಲ್ಲ.

ತಮ್ಮ: ಮಾವ, ಇನ್ನೊಂದು ವಿಷಯ. ಇಲ್ಲಿನ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ. ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ.

ಸೋದರಮಾವ: ಅದನ್ನು ಮಾಡಿಸುತ್ತೇನೆ. ಆದರೆ ಎರಡು ದಿನ ಮಲಗಿದರೆ ಪ್ಯಾಂಗಾಂಗ್ ತಪ್ಪುತ್ತದೆ. ಆ ನೀಲಿ ನೀರಿಗಾಗಿ ನಿಮ್ಮ ಅತ್ತೆ ಎಷ್ಟು ವರ್ಷದಿಂದ ಹಂಬಲಿಸಿದ್ದಾಳೆ ಗೊತ್ತೇ?

ಅತ್ತೆ: ನನ್ನ ಹಂಬಲವನ್ನು ಮುಂದೆ ಮಾಡಬೇಡಿ. ರಕ್ತದೊತ್ತಡದ ಮಾತ್ರೆ ನುಂಗುವವರು ನೀವು. ವಾಪಸು ಟಿಕೆಟನ್ನು ಎರಡು ದಿನ ಮುಂದೆ ಹಾಕಲು ಎಷ್ಟು ಕಟ್ಟಬೇಕು, ಕೇಳಿ.

ಅಕ್ಕ: ಅತ್ತೆ ಹೇಳಿದ್ದು ಸರಿ. ಮಾವ, ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ನಿಮ್ಮ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಅವರಿಗೆ ಈಗಿನ ಮಾತ್ರೆಗಳ ಹೆಸರು ಹೇಳಿ. ಡಯಾಮಾಕ್ಸ್ ಸಲ್ಫಾ ಗುಂಪಿನದು, ಆದ್ದರಿಂದ ಸಲ್ಫಾ ಔಷಧ ನಿಮಗೆ ಒಗ್ಗುತ್ತದೆಯೇ ಎಂಬುದನ್ನೂ ತಿಳಿಸಿ.

ಸೋದರಮಾವ: ವೈದ್ಯರನ್ನು ನಾಳೆಯೇ ನೋಡುತ್ತೇನೆ. ಟಿಕೆಟನ್ನೂ ವಿಚಾರಿಸುತ್ತೇನೆ. ಪ್ಯಾಂಗಾಂಗ್‌ನಲ್ಲಿ ಒಂದು ರಾತ್ರಿ ಮಾತ್ರ ಬಿಟ್ಟುಕೊಡುವುದಿಲ್ಲ.

ಅಕ್ಕ: ಬಿಡಬೇಡಿ, ಕೊನೆಗೆ ಇಟ್ಟುಕೊಳ್ಳಿ. ಅದು 4,200 ಮೀಟರ್ ದಾಟುತ್ತದೆ. ಹೊರಡುವ ಬೆಳಿಗ್ಗೆ ಇಬ್ಬರಲ್ಲಿ ಒಬ್ಬರಿಗೆ ತಲೆನೋವಿದ್ದರೂ ಲೇಹ್‌ನಲ್ಲೇ ಉಳಿಯುತ್ತೇವೆಂದು ಈಗಲೇ ಇಲ್ಲಿ ಬರೆಯಿರಿ.

ಅತ್ತೆ: ನಾನು ಬರೆಯುತ್ತಿದ್ದೇನೆ. ಉಳಿಯುತ್ತೇವೆ.